ಯೂಟಾದ ಮರುಭೂಮಿ ಕಣಿವೆಗಳು, ಬಂಡೆಚಿತ್ರಗಳು: ಯಾವುದು ನೋಡಲಿ, ಯಾವುದು ಬಿಡಲಿ?

ಬಸವನಗುಡಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮಗಳು ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾಳೆ. ನಾನು, ನಮ್ಮ ಮನೆಯವರು ಸೆಪ್ಟೆಂಬರ್ ಕೊನೆಗೆ ಹೊರಡುತ್ತಿದ್ದೇವೆ. ಚೆನ್ನೈಗೆ ಓಡಾಡಿ ವೀಸಾ ಆಗಿದೆ. ಅಳಿಯಂದಿರು ಆಗಲೇ ಪಟ್ಟಿ ಕಳಿಸಿದ್ದಾರೆ: ಗ್ರ್ಯಾಂಡ್ ಕ್ಯಾನಿಯನ್, ಝಯಾನ್, ಬ್ರೈಸ್, ಆಂಟಿಲೋಪ್, ಆರ್ಚಸ್. ಎಲ್ಲಾ ಒಂದೇ ವಾರದಲ್ಲಿ, ದಿನಕ್ಕೊಂದು ಊರು. ಓದಿದರೇ ಸುಸ್ತಾಗುತ್ತದೆ.

ನನ್ನ ಆಸೆ ಬೇರೆ. ಆ ಕಡೆಯ ಕಣಿವೆಗಳ ಗೋಡೆಗಳ ಮೇಲೆ ಬಹಳ ಹಳೆಯ ಚಿತ್ರಗಳಿವೆ ಅಂತ ಓದಿದ್ದೇನೆ. ಕೆಲಸದಲ್ಲಿದ್ದಾಗ ಕಾಲೇಜಿನ ಹುಡುಗರನ್ನು ಬಂಡೆಚಿತ್ರಗಳಿರುವ ಮಧ್ಯಪ್ರದೇಶದ ಭೀಮ್‌ಬೆಟ್ಕಾಕ್ಕೆ ಕರೆದುಕೊಂಡು ಹೋಗಿದ್ದೆ, ಆವಾಗ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಅಕ್ಟೋಬರ್ ಮಧ್ಯದಲ್ಲಿ ನಾಲ್ಕೈದು ದಿನ ಸಿಗುತ್ತದೆ. ನಾನು ನಡೆಯುತ್ತೇನೆ, ನಮ್ಮ ಮನೆಯವರಿಗೆ ಮಂಡಿ ನೋವು. ಹೋಗಿ ಬಂದವರು ದಾರಿ ತೋರಿಸಿ.

ಕೆಂಗಲ್ಲು

ಮೇಷ್ಟ್ರೇ, ನಾನು ಕೊಲರಾಡೋದಲ್ಲಿ ಕೆಲವು ವರ್ಷ ಇದ್ದು ಈಗ ಜಯನಗರಕ್ಕೆ ವಾಪಸ್ ಬಂದವನು. ಒಂದೇ ಒಂದು ಜಾಗ ಆರಿಸಿ ಅಂದರೆ ಹಾರ್ಸ್‌ಶೂ ಕ್ಯಾನಿಯನ್. ಅಳಿಯಂದಿರಿಗೆ ಹೇಳುವಾಗ ಜೋಪಾನ, ಅವರು ಫೋಟೋಗಳಲ್ಲಿ ಬರುವ ಅರಿಝೋನಾದ ಹಾರ್ಸ್‌ಶೂ ಬೆಂಡ್ ಅಂದುಕೊಂಡು ಮ್ಯಾಪ್ ಹಾಕಿಬಿಟ್ಟಾರು. ಇದು ಯೂಟಾದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ 1971ರಲ್ಲಿ ಸೇರಿಸಿದ, ಅದರಿಂದ ದೂರ ಒಂಟಿಯಾಗಿರುವ ತುಂಡು.

ಗ್ರೀನ್ ರಿವರ್ ಊರಿನಿಂದ ಹೆದ್ದಾರಿ 24ರಲ್ಲಿ ಬಂದು ತಿರುಗಿದ ಮೇಲೆ ಸುಮಾರು 50 ಕಿ.ಮೀ. ಮಣ್ಣು ರಸ್ತೆ. ಮನೆ ಇಲ್ಲ, ಅಂಗಡಿ ಇಲ್ಲ, ಫೋನ್ ಸಿಗ್ನಲ್ ಇಲ್ಲ. ಅಂಚಿನಿಂದ ಸುಮಾರು 240 ಮೀಟರ್ ಇಳಿಯಬೇಕು, ಆಮೇಲೆ ಹೊಳೆಯ ಒಣ ಮರಳಿನಲ್ಲಿ ನಡಿಗೆ. ಹೋಗಿ ಬರುವುದು ಒಟ್ಟು 11 ಕಿ.ಮೀ. ದಾರಿಯಲ್ಲಿ ಬೇರೆ ಚಿತ್ರಗಳ ಗುಂಪುಗಳೂ ಸಿಗುತ್ತವೆ. ಕೊನೆಯಲ್ಲಿ ಇರುವುದು ಗ್ರೇಟ್ ಗ್ಯಾಲರಿ.

ಅದನ್ನು ಹೇಗೆ ಹೇಳುವುದು? ಸುಮಾರು 60 ಮೀಟರ್ ಉದ್ದದ ಗೋಡೆ. ಅದರ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಆಳೆತ್ತರದ ಆಕೃತಿಗಳು ಸಾಲಾಗಿ ನಿಂತಿವೆ. ಹೆಚ್ಚಿನವಕ್ಕೆ ಕೈಯಿಲ್ಲ, ಕಾಲಿಲ್ಲ. ಭುಜ ಅಗಲ, ಕೆಳಗೆ ಬರುಬರುತ್ತಾ ಕಿರಿದಾಗುವ ಮೈ. ಕೆಲವಕ್ಕೆ ದೊಡ್ಡ ದುಂಡು ಕಣ್ಣು, ಕೆಲವಕ್ಕೆ ಮುಖವೇ ಇಲ್ಲ. ಎದೆಯ ಮೇಲೆ ಸಣ್ಣ ಸಣ್ಣ ಗೆರೆಯ ಕೆಲಸ. ಭೀಮ್‌ಬೆಟ್ಕಾದಲ್ಲಿ ಬೇಟೆ, ಕುಣಿತ, ಓಟ ಎಲ್ಲಾ ಇದೆಯಲ್ಲ, ಇಲ್ಲಿ ಅದೇನೂ ಇಲ್ಲ. ಇವು ಸುಮ್ಮನೆ ನಿಂತು ನಿಮ್ಮನ್ನು ನೋಡುತ್ತವೆ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ದಿಗಿಲೇ ಆಯಿತು.

ತಿಂಡಿಪೋತ_560004

ಲಕ್ಷಗಟ್ಟಲೆ ಟಿಕೆಟ್ ಕೊಟ್ಟು ಹೋಗಿ ಕೈಕಾಲಿಲ್ಲದ ಗೊಂಬೆ ನೋಡೋದಾ ಸರ್? ಗಂಡಿಕೋಟಕ್ಕೆ ಹೋಗಿ. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನಕ್ಕೆ ಭಾರತದ ಗ್ರ್ಯಾಂಡ್ ಕ್ಯಾನಿಯನ್. ದಾರಿಯಲ್ಲಿ ಬಾಗೇಪಲ್ಲಿ ದಾಟೋ ಮುಂಚೆ ಒಳ್ಳೆ ತಟ್ಟೆ ಇಡ್ಲಿ ಬೇರೆ.

ಭೂಗರ್ಭ

ಗಂಡಿಕೋಟ ಚೆನ್ನಾಗಿದೆ, ಆದರೆ 'ಭಾರತದ ಗ್ರ್ಯಾಂಡ್ ಕ್ಯಾನಿಯನ್' ಅನ್ನೋ ಬೋರ್ಡ್ ಹಾಕಿ ಅದಕ್ಕೆ ಅನ್ಯಾಯ ಮಾಡಬೇಡಿ. ಪೆನ್ನಾ ನದಿ ಎರ್ರಮಲ ಬೆಟ್ಟವನ್ನು ಕೊರೆದ ಕಮರಿ ಅದು, ಅದರ ಅಂದ ಅದಕ್ಕಿದೆ. ಇನ್ನೊಂದು ವಿಷಯ, ಅದೇ ಕಡಪ ಜಿಲ್ಲೆಯ ಮುದ್ದನೂರು ಕಡೆ ಚಿಂತಕುಂಟದಲ್ಲಿ ಗವಿಚಿತ್ರಗಳಿವೆ. ಗಂಡಿಕೋಟದಲ್ಲಿ ಟೆಂಟ್ ಹಾಕಿ ಹಾಡು ಹಾಕಿಕೊಂಡು ಕೂರುವವರಲ್ಲಿ ಅಲ್ಲಿಗೆ ಹೋದವರು ಎಷ್ಟು ಜನ?

ಮೇಷ್ಟ್ರೇ, ಗ್ರೇಟ್ ಗ್ಯಾಲರಿಯ ವಯಸ್ಸಿನ ಬಗ್ಗೆ ನೀವು ಎರಡು ಥರ ಓದುತ್ತೀರಿ, ಗಲಿಬಿಲಿ ಆಗಬೇಡಿ. ಹಳೆಯ ಬರಹಗಳಲ್ಲಿ ಕ್ರಿ.ಪೂ. 2000ದಿಂದ ಅಂತ ಇರುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಕ್ರಿ.ಶ. 1ರಿಂದ 1100ರ ನಡುವೆ ಅಂತ ಹತ್ತಿರಕ್ಕೆ ಎಳೆಯಿತು. ಮಾಡಿದ ರೀತಿ ಸೊಗಸಾಗಿದೆ. ಗೋಡೆಯಿಂದ ಒಂದು ಚಕ್ಕೆ ಕೆಲವು ಚಿತ್ರಗಳ ಸಮೇತ ಕಳಚಿ ಕೆಳಗೆ ಬಿದ್ದಿತ್ತು. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅನ್ನುವುದನ್ನು ಅದರೊಳಗೆ ಸೇರಿಕೊಂಡ ಶಕ್ತಿಯಿಂದ ಅಳೆಯಬಹುದು. ಬಿದ್ದ ಕಲ್ಲಿನ ಅಡಿಯಲ್ಲಿ ಸಿಕ್ಕಿಕೊಂಡ ಮರಳನ್ನು ಅಳೆದರೆ ಕಲ್ಲು ಬಿದ್ದ ಕಾಲ ಗೊತ್ತಾಗುತ್ತದೆ. ಚಿತ್ರ ಅದಕ್ಕಿಂತ ಮುಂಚಿನದ್ದೇ ಆಗಬೇಕು. ಇನ್ನು ಆ ಕಲ್ಲಿನ ಮುಖ ಬೀಳುವ ಮುಂಚೆ ಎಷ್ಟು ಕಾಲ ಬಿಸಿಲಿಗೆ ಒಡ್ಡಿಕೊಂಡಿತ್ತು ಅಂತ ತಿಳಿದರೆ ಇನ್ನೊಂದು ಕಡೆಯ ಗಡಿಯೂ ಸಿಗುತ್ತದೆ. ಬಣ್ಣವನ್ನು ಕೆರೆಯುವ ಪ್ರಶ್ನೆಯೇ ಇಲ್ಲ.

ಗೋಡೆ ನವಾಹೋ ಮರಳುಗಲ್ಲು. ಡೈನೋಸಾರ್ ಕಾಲದ ಮರಳುದಿಬ್ಬಗಳು ಗಟ್ಟಿಯಾದದ್ದು. ಓರೆ ಓರೆಯಾಗಿ ಕಾಣುವ ಗೆರೆಗಳು ಆಗ ಗಾಳಿ ಬೀಸಿದ ಗುರುತು. ಚಿತ್ರ ನೋಡುವ ಆತುರದಲ್ಲಿ ಗೋಡೆಯನ್ನೇ ನೋಡದೆ ಬರಬೇಡಿ.

ಮಲ್ಲೇಶ್ವರಂ_ಅಮ್ಮ

ಮೇಷ್ಟ್ರೇ, ನಿಮ್ಮ ಮನೆಯವರ ಪರವಾಗಿ ನಾನು ಮಾತಾಡ್ತೀನಿ. 11 ಕಿ.ಮೀ. ಮರಳಲ್ಲಿ ನಡೆದು ಕೊನೆಗೆ ಬೆಟ್ಟ ಹತ್ತೋದು ಮಂಡಿ ನೋವಿದ್ದವರಿಗೆ ಬೇಡ. ನಮ್ಮಲ್ಲಿ ಬೆಟ್ಟ ಮೊದಲು ಹತ್ತಿ ಆಮೇಲೆ ಇಳೀತೀವಿ, ಅಲ್ಲಿ ಉಲ್ಟಾ. ಸುಸ್ತಾದ ಮೇಲೆ ಹತ್ತೋದು ಬಾಕಿ ಇರುತ್ತೆ. ನಾನು ಮಗನ ಜೊತೆ ಹೋದಾಗ ಮೇಲೇ ಉಳಿದೆ.

ಅವರಿಗೆ ಸೀಗೋ ಕ್ಯಾನಿಯನ್ ತೋರಿಸಿ. ಗ್ರೀನ್ ರಿವರ್‌ನಿಂದ ಪೂರ್ವಕ್ಕೆ ಹೆದ್ದಾರಿ 70ರಲ್ಲಿ ಅರ್ಧ ಗಂಟೆ, ಥಾಂಪ್ಸನ್ ಸ್ಪ್ರಿಂಗ್ಸ್ ಅಂತ ಇಳಿಯಬೇಕು. ಅಲ್ಲಿಂದ ಐದಾರು ಕಿ.ಮೀ. ಒಳಗೆ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದರೆ ಗೋಡೆ. ಹಾರ್ಸ್‌ಶೂ ಥರದ್ದೇ ದೊಡ್ಡ ಕಣ್ಣಿನ ಆಕೃತಿಗಳೂ ಇವೆ, ಆಮೇಲೆ ಬಂದ ಫ್ರೀಮಾಂಟ್ ಅನ್ನೋ ಮೂಲನಿವಾಸಿ ಜನ ಕುಟ್ಟಿ ಮಾಡಿದ ಚಿತ್ರಗಳೂ ಇವೆ, ಇನ್ನೂ ಆಮೇಲಿನ ಯೂಟ್ ಜನರ ಕುದುರೆ, ಕಾಡೆಮ್ಮೆ, ಗುರಾಣಿಗಳೂ ಇವೆ. ಕುದುರೆ ಇದೆ ಅಂದ್ರೆ ಸ್ಪೇನಿನವರು ಬಂದ ಮೇಲಿನದ್ದು ಅಂತ ಮಗ ಹೇಳಿದ. ಒಂದೇ ಕಡೆ ಮೂರು ಕಾಲದ್ದು ನೋಡಬಹುದು.

ನೀರು ಒಬ್ಬೊಬ್ಬರಿಗೂ ದಿನಕ್ಕೆ ನಾಲ್ಕು ಲೀಟರ್. ಹಾರ್ಸ್‌ಶೂನಲ್ಲಿ ಕುಡಿಯೋ ನೀರು ಸಿಗಲ್ಲ. ಬರೀ ನೀರು ಕುಡಿದರೂ ತಲೆ ಸುತ್ತುತ್ತೆ, ಉಪ್ಪಿನದ್ದು ಏನಾದರೂ ಬೇಕು. ಗೊಜ್ಜವಲಕ್ಕಿ ಡಬ್ಬಿಗೆ ಹಾಕಿಕೊಳ್ಳಿ, ಕೆಡಲ್ಲ, ಕೈಯಲ್ಲೇ ತಿನ್ನಬಹುದು.

ಕೆಂಗಲ್ಲು

ಅಮ್ಮ ಹೇಳಿದ್ದು ಸರಿ. ರಸ್ತೆ ಬಗ್ಗೆ ಒಂದು ಮಾತು. ಒಣಗಿದ್ದಾಗ ಮಾಮೂಲಿ ಕಾರುಗಳೂ ಸಾಮಾನ್ಯವಾಗಿ ಹೋಗುತ್ತವೆ. ಮಳೆ ಬಂದರೆ ಕೆಸರು, ಗಾಳಿ ಬೀಸಿದರೆ ರಸ್ತೆ ಮೇಲೆ ಮರಳಿನ ದಿಬ್ಬ. ಹಿಂದಿನ ದಿನ ಉದ್ಯಾನದ ಕಚೇರಿಗೆ ಫೋನ್ ಮಾಡಿ ಕೇಳಿ. ಬಾಡಿಗೆ ಕಾರಾದರೆ ಕರಾರು ಪೂರ್ತಿ ಓದಿ, ಎಷ್ಟೋ ಕಂಪನಿಗಳು ಮಣ್ಣು ರಸ್ತೆಗೆ ಇಳಿಸಬಾರದು ಅಂತ ಬರೆದಿರುತ್ತವೆ. ಇಳಿಸಿ ಏನಾದರೂ ಆದರೆ ವಿಮೆ ಕೈ ಎತ್ತುತ್ತದೆ. ಅಳಿಯಂದಿರ ಸ್ವಂತ ಗಾಡಿ ಇದ್ದರೆ ಅದೇ ಮೇಲು, ಟ್ಯಾಂಕ್ ಗ್ರೀನ್ ರಿವರ್‌ನಲ್ಲೇ ತುಂಬಿಸಿ.

ಪ್ರವಾಹದ ಎಚ್ಚರ ಬೇರೆಯೇ. ಅಲ್ಲಿ ಮಳೆ ನಿಮ್ಮ ತಲೆ ಮೇಲೆ ಬೀಳಬೇಕೆಂದಿಲ್ಲ. 1997ರ ಆಗಸ್ಟ್‌ನಲ್ಲಿ ಆಂಟಿಲೋಪ್ ಕ್ಯಾನಿಯನ್‌ನಲ್ಲಿ 11 ಜನ ಪ್ರವಾಸಿಗರು ಸತ್ತರು. ಮಳೆ ಸುರಿದದ್ದು ಮೇಲೆಲ್ಲೋ ಕೆಲವು ಮೈಲಿ ದೂರ, ನೀರು ಬಂದದ್ದು ಕಿರಿದಾದ ಕೊರಕಲಿನೊಳಗೆ ಒಮ್ಮೆಗೇ. ಜುಲೈಯಿಂದ ಸೆಪ್ಟೆಂಬರ್ ಅಲ್ಲಿನ ಮುಂಗಾರು. ಅಕ್ಟೋಬರ್ ಮಧ್ಯ ಅಂದರೆ ಸೆಖೆಯೂ ಇಳಿದಿರುತ್ತದೆ, ಕಣಿವೆಯ ತಳದ ಕಾಟನ್‌ವುಡ್ ಮರಗಳು ಹಳದಿಗೆ ತಿರುಗಲು ಶುರುವಾಗಿರುತ್ತವೆ. ನಿಮ್ಮ ದಿನಾಂಕ ಚೆನ್ನಾಗಿದೆ.

ಹೆಬ್ಬಾಳದ_ಹಕ್ಕಿ

ಒಂದು ಕೋರಿಕೆ. ಬೋರ್ಡ್ ಇರುವ ಜಾಗಗಳ ಹೆಸರು ಹೇಳಿ, ತಪ್ಪಿಲ್ಲ. ಹಾರ್ಸ್‌ಶೂ, ಸೀಗೋ, ನ್ಯೂಸ್‌ಪೇಪರ್ ರಾಕ್, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಆದರೆ ಆ ಕಡೆ ನಡೆಯುವಾಗ ಬೋರ್ಡ್ ಇಲ್ಲದ ಗೋಡೆಗಳೂ ಸಿಗುತ್ತವೆ. ಅದರ ಫೋಟೋ ಹಾಕುವಾಗ ದಯವಿಟ್ಟು ಲೊಕೇಶನ್ ತೆಗೆಯಿರಿ. 2021ರಲ್ಲಿ ಮೋಆಬ್ ಹತ್ತಿರದ ಬರ್ತಿಂಗ್ ರಾಕ್ ಮೇಲೆ ಯಾರೋ ಜನಾಂಗೀಯ ಬೈಗುಳ ಗೀಚಿ ಹೋದರು. ಹೆರಿಗೆಯ ಚಿತ್ರ ಇರುವ ಅಪರೂಪದ ಬಂಡೆ ಅದು. ರಸ್ತೆ ಪಕ್ಕದಲ್ಲೇ ಇದೆ, ಕಾವಲು ಇಲ್ಲ. ಅಲ್ಲಿ 1979ರಿಂದ ಪುರಾತತ್ವ ಸಂಪತ್ತಿನ ರಕ್ಷಣೆಗೇ ಕಾನೂನಿದೆ, ಜೈಲು, ದಂಡ ಎರಡೂ ಉಂಟು. ಆದರೂ ಹೀಗೆ.

ನಾನು ಜೋರ್ಡಾನಿನ ವಾದಿ ರಮ್‌ಗೆ ಹೋಗಿದ್ದೆ. ಅದು 2011ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಸುಮಾರು 25,000 ಕೆತ್ತನೆಗಳು, 20,000 ಶಾಸನಗಳು ಅಂತ ಲೆಕ್ಕ. ಖಝಾಲಿ ಅನ್ನುವ ಕಿರಿದಾದ ಕೊರಕಲಿನೊಳಗೆ ಒಂಟೆ, ಮನುಷ್ಯರು, ಪಾದದ ಗುರುತು ಎಲ್ಲಾ ಇದೆ. ಅಷ್ಟೇ ಜೀಪುಗಳೂ ಇವೆ. ಸಾಲಾಗಿ ನಿಲ್ಲಿಸಿ, ಕೈಯಿಂದ ತಟ್ಟಿ ತಟ್ಟಿ 'ಇಲ್ಲಿ ನೋಡಿ' ಅಂತ ತೋರಿಸುತ್ತಾರೆ. ಕೈಯ ಎಣ್ಣೆ, ಬೆವರು ಕಲ್ಲಿಗೆ ಆಗುವುದಿಲ್ಲ ಅಂತ ಯಾರಿಗೆ ಹೇಳೋಣ. ಗೊತ್ತಾದ ಜಾಗಕ್ಕೆ ಆಗುವ ಗತಿಯೇ ಇದು.

ಬಾದಾಮಿ_ಮಂದಿ

ಮೇಡಂ, ನಿಮ್ಮ ಮಾತು ಅಮೆರಿಕಾಕ್ಕ ಸರಿ ಇರಬಹುದು. ನಮ್ಮ ಕಡೆ ಹಂಗ ಹೇಳಬ್ಯಾಡ್ರಿ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಅಂದ್ರ ಅದು ಉಳಿಯೂದಿಲ್ಲ, ಕ್ವಾರಿ ಆಗತೈತಿ.

ಬಳ್ಳಾರಿ ಹತ್ರ ಕುಪ್ಪಗಲ್ಲು ಗುಡ್ಡ ಐತಲ್ರಿ. ಕರಿ ಬಂಡಿ ಮ್ಯಾಲ ನವಶಿಲಾಯುಗದ ಮಂದಿ ಉದ್ದ ಕೋಡಿನ ಎತ್ತು, ಮನಷ್ಯಾರು ಕುಟ್ಟಿ ಕುಟ್ಟಿ ತೆಗದಾರ. ಬಡದ್ರ ಗಂಟಿ ಹಂಗ ಸಪ್ಪಳ ಮಾಡೋ ಕಲ್ಲೂ ಅದಾವು, ಬಡದ ಬಡದ ಬಿದ್ದ ಗುಳಿ ಇನ್ನೂ ಕಾಣತಾವು. 1892ರೊಳಗ ಆ ಚಿತ್ರದ ಬಗ್ಗೆ ಬರದಾರ, ಆಮ್ಯಾಲ ಭಾಳ ದಿವಸ ಯಾರೂ ಆ ಕಡೆ ಹೊಳ್ಳಿ ನೋಡಲಿಲ್ಲ. ನೋಡೂದ್ರಾಗ ಕಲ್ಲು ಒಡಿಯೋರು ಬಂದಿದ್ರು. ಜಾಗ ಗುಟ್ಟಾಗಿ ಇಟ್ಟಿದ್ದಕ್ಕ ಲಾಭ ಆಗಿದ್ದು ಯಾರಿಗೆ? ನಾಕ ಮಂದಿ ಶಾಲಿ ಹುಡುಗರನ್ನ ಕರಕೊಂಡು ದಿನಾ ಹೋಗಿ ಬಂದಿದ್ರ ಅಲ್ಲಿ ಜಿಲೆಟಿನ್ ಇಡಾಕ ಒಂದು ಸಲ ವಿಚಾರ ಮಾಡತಿದ್ರು.

ಹೆಬ್ಬಾಳದ_ಹಕ್ಕಿ

ಕ್ವಾರಿ ವಿಷಯ ಒಪ್ಪುತ್ತೇನೆ. ಆದರೆ ಜನ ಬಂದರೆ ಸಾಕು, ಉಳಿಯುತ್ತದೆ ಅನ್ನುವುದನ್ನು ಒಪ್ಪಲಾರೆ. ಚಿತ್ರ ಮಸುಕಾಗಿದೆ ಅಂತ ಬಾಟಲಿ ನೀರು ಎರಚಿ ತೋರಿಸುವವರನ್ನು ನಾನೇ ನೋಡಿದ್ದೇನೆ. ಪಕ್ಕದಲ್ಲಿ ಬಾಣ ಚುಚ್ಚಿದ ಹೃದಯ, ಎರಡು ಹೆಸರು, ಇಸವಿ. 1958ರ ನಮ್ಮ ಸ್ಮಾರಕ ಕಾಯ್ದೆಯಲ್ಲೂ ಎರಡು ವರ್ಷ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಅದು ಸಂರಕ್ಷಿತ ಅಂತ ಘೋಷಿಸಿದ ಜಾಗಕ್ಕೆ ಮಾತ್ರ. ನಮ್ಮ ಎಷ್ಟು ಬಂಡೆಗಳು ಆ ಪಟ್ಟಿಯಲ್ಲಿವೆ?

ಭೂಗರ್ಭ

ಇಬ್ಬರೂ ಹೇಳುವುದರಲ್ಲಿ ಹುರುಳಿದೆ. ಬಾದಾಮಿಯವರ ಕಡೆಗೆ ಒಂದು ಉದಾಹರಣೆ ಅಮೆರಿಕದಿಂದಲೇ ಕೊಡುತ್ತೇನೆ. ಯೂಟಾದಲ್ಲೇ ನೈನ್ ಮೈಲ್ ಕ್ಯಾನಿಯನ್ ಅಂತ ಇದೆ. ಹೆಸರಿಗೆ ಒಂಬತ್ತು ಮೈಲಿ, ಉದ್ದ ನಲವತ್ತಕ್ಕೂ ಹೆಚ್ಚು. ಫ್ರೀಮಾಂಟ್ ಜನರ ಕೆತ್ತನೆ ಗೋಡೆ ಗೋಡೆಗೂ. ಅಲ್ಲಿ ನೈಸರ್ಗಿಕ ಅನಿಲ ತೆಗೆಯಲು ಲಾರಿಗಳು ಓಡಾಡಿ ಮಣ್ಣು ರಸ್ತೆಯ ಧೂಳೆಲ್ಲ ಚಿತ್ರಗಳ ಮೇಲೆ ಕೂರತೊಡಗಿತು. ಆ ಜಾಗ ಪ್ರೀತಿಸುವವರು ಮೊದಲೇ ಸಾಕಷ್ಟಿದ್ದರು, ಗಲಾಟೆ ಎಬ್ಬಿಸಿದರು, ಕೊನೆಗೆ ಧೂಳೇಳದ ಹಾಗೆ ರಸ್ತೆ ಗಟ್ಟಿಮಾಡಿದರು. ಯಾರಿಗೂ ಗೊತ್ತಿಲ್ಲದ ಕಣಿವೆಯಾಗಿದ್ದರೆ ಕೇಳುವವರು ಯಾರು?

ನನ್ನ ನಿಲುವು ಇಷ್ಟು: ಕಾರ್ಖಾನೆ, ಕ್ವಾರಿ, ರಸ್ತೆಯ ಅಪಾಯ ಇರುವ ಕಡೆ ಜಾಗ ಎಲ್ಲರಿಗೂ ಗೊತ್ತಾಗಲಿ. ಅಪಾಯ ಬರೀ ಪ್ರವಾಸಿಗಳಿಂದ ಇರುವ ಕಡೆ ಬಾಯಿ ಮುಚ್ಚಿಕೊಂಡಿರೋಣ. ಲಡಾಖ್‌ನಲ್ಲಿ ಸಿಂಧೂ ನದಿ ದಂಡೆಯುದ್ದಕ್ಕೂ ಬಂಡೆಗಳ ಮೇಲೆ ಐಬೆಕ್ಸ್ ಅನ್ನುವ ಕಾಡುಮೇಕೆ, ಬೇಟೆಗಾರರ ಕೆತ್ತನೆ ಇವೆ. ಅದೂ ಮರುಭೂಮಿಯೇ, ಚಳಿಯದ್ದು. ಅಲ್ಲಿ ರಸ್ತೆ, ಸೇತುವೆ ಕೆಲಸಕ್ಕೆ ಕೆತ್ತನೆಯ ಬಂಡೆಗಳನ್ನೇ ಒಡೆದದ್ದುಂಟು. ಒಡೆದವರಿಗೆ ಅದು ಜಲ್ಲಿ ಅಷ್ಟೇ.

ಬಸವನಗುಡಿ_ಮೇಷ್ಟ್ರು

ಚರ್ಚೆ ನನ್ನ ಪ್ರಶ್ನೆಗಿಂತ ಮುಂದೆ ಹೋಗಿದೆ, ಸಂತೋಷ. ನಡುವೆ ಒಂದು ಸಂದೇಹ. ಹಾರ್ಸ್‌ಶೂನದ್ದು ಬಣ್ಣದ ಚಿತ್ರ ಅಂದಿರಿ, ನ್ಯೂಸ್‌ಪೇಪರ್ ರಾಕ್‌ನದ್ದು ಕುಟ್ಟಿದ್ದು ಅಂತ ಓದಿದೆ. ಅಲ್ಲಿ ಕಪ್ಪು ಬಂಡೆಯ ಮೇಲೆ ಬಿಳಿ ಚಿತ್ರ ಹೇಗೆ ಬಂತು? ಸುಣ್ಣವೇ?

ಭೂಗರ್ಭ

ಸುಣ್ಣ ಅಲ್ಲ ಸರ್. ಒಣ ನಾಡಿನಲ್ಲಿ ಬಂಡೆಯ ಮೇಲೆ ಬಹಳ ನಿಧಾನಕ್ಕೆ ಒಂದು ತೆಳು ಪದರ ಕೂರುತ್ತದೆ. ಗಾಳಿಯಲ್ಲಿ ಬಂದ ಜೇಡಿ, ಅದರ ಜೊತೆ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡು. ಮ್ಯಾಂಗನೀಸ್ ಹೆಚ್ಚಿದ್ದರೆ ಕಪ್ಪು, ಕಬ್ಬಿಣ ಹೆಚ್ಚಿದ್ದರೆ ಕೆಂಪು ಕಂದು. ದೋಸೆ ಕಾವಲಿ ಮೇಲೆ ವರ್ಷಗಟ್ಟಲೆ ಕೂತ ಕರಿಯನ್ನು ಗೀಚಿದರೆ ಒಳಗಿನ ಕಬ್ಬಿಣ ಹೊಳೆಯುತ್ತದಲ್ಲ, ಹಾಗೆ. ಗಟ್ಟಿ ಕಲ್ಲಿನಿಂದ ಪದರವನ್ನು ಕುಟ್ಟಿ ತೆಗೆದರೆ ಒಳಗಿನ ತಿಳಿ ಬಣ್ಣ ಬರುತ್ತದೆ. ಕಾಲ ಕಳೆದಂತೆ ಆ ಗಾಯದ ಮೇಲೂ ಪದರ ಕೂರುತ್ತದೆ. ಅದಕ್ಕೇ ಒಂದೇ ಬಂಡೆಯಲ್ಲಿ ಕೆಲವು ಚಿತ್ರ ಮಸುಕು, ಕೆಲವು ಹೊಸದರಂತೆ ಬೆಳ್ಳಗೆ. ನ್ಯೂಸ್‌ಪೇಪರ್ ರಾಕ್‌ನಲ್ಲಿ 650ಕ್ಕೂ ಹೆಚ್ಚು ಚಿತ್ರಗಳು ಹೀಗೆ ಒಂದರ ಮೇಲೊಂದು ಬಂದಿವೆ. ಕುದುರೆ ಸವಾರನನ್ನೂ, ಅದರ ಪಕ್ಕದ ಹಳೆಯ ಜಿಂಕೆಯನ್ನೂ ಹೋಲಿಸಿ ನೋಡಿ, ಬಣ್ಣದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೋಆಬ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ದಾರಿ, ನಡೆಯುವ ಕೆಲಸ ಏನೂ ಇಲ್ಲ. ನಿಮ್ಮ ಮನೆಯವರಿಗೆ ಇದೂ ಆಗುತ್ತದೆ.

ತಿಂಡಿಪೋತ_560004

ಕಾವಲಿ ಅಂದ ತಕ್ಷಣ ವಿಷಯ ತಲೆಗೆ ಹತ್ತಿತು. ಮೊದಲೇ ಹೀಗೆ ಹೇಳಬಾರದಿತ್ತಾ ಸರ್?

ಬಸವನಗುಡಿ_ಮೇಷ್ಟ್ರು

ಅಳಿಯಂದಿರ ಜೊತೆ ಮಾತಾಡಿದೆ. ಝಯಾನ್, ಆಂಟಿಲೋಪ್ ಬಿಟ್ಟೆವು. ಅವರಿಗೆ ಬೇಸರವೇ ಆಯಿತು, ಮಗಳು ಸಮಾಧಾನ ಮಾಡಿದಳು. ಈಗ ಗ್ರೀನ್ ರಿವರ್‌ನಲ್ಲಿ ಎರಡು ರಾತ್ರಿ, ಮೋಆಬ್‌ನಲ್ಲಿ ಎರಡು ರಾತ್ರಿ. ಹಾರ್ಸ್‌ಶೂಗೆ ನಾನು, ಅಳಿಯ ಮಾತ್ರ. ಅವತ್ತು ಅಮ್ಮ ಮಗಳು ಊರಲ್ಲೇ ಉಳಿಯುತ್ತಾರೆ. ಕ್ಯಾನಿಯನ್ ಡಿ ಶೇ ಸೇರಿಸಬಹುದಾ?

ಕೆಂಗಲ್ಲು

ಈ ಸಲ ಬೇಡ ಮೇಷ್ಟ್ರೇ. ಅದು ಅರಿಝೋನಾದಲ್ಲಿ, ನವಾಹೋ ಅನ್ನುವ ಮೂಲನಿವಾಸಿ ಜನರ ನೆಲದಲ್ಲಿ. 1931ರಿಂದ ರಾಷ್ಟ್ರೀಯ ಸ್ಮಾರಕ. ಕಣಿವೆಯ ತಳದಲ್ಲಿ ಈಗಲೂ ಕುಟುಂಬಗಳು ವ್ಯವಸಾಯ ಮಾಡಿಕೊಂಡಿವೆ. ಮೇಲಿನ ಅಂಚಿನ ರಸ್ತೆಯಿಂದ ನೀವಾಗಿಯೇ ನೋಡಬಹುದು, ಕೆಳಗೆ ಇಳಿದು ಚಿತ್ರಗಳ ಹತ್ತಿರ ಹೋಗಬೇಕಾದರೆ ನವಾಹೋ ಗೈಡ್ ಬೇಕು. ಅಲ್ಲಿ ಬಂಡೆಯ ಮೇಲೆ ಕುದುರೆ ಏರಿ ಬರುವ ಸ್ಪೇನಿನ ಸೈನಿಕರ ಸಾಲಿನ ಚಿತ್ರವೊಂದಿದೆ. ಆ ಕಣಿವೆಯಲ್ಲಿ 1805ರಲ್ಲಿ ಸ್ಪೇನಿನವರು ನಡೆಸಿದ ಕೊಲೆಗಳನ್ನು ತಿಳಿದುಕೊಂಡು ನೋಡಿದರೆ ಅದು ಬರೀ ಚಿತ್ರವಾಗಿ ಉಳಿಯುವುದಿಲ್ಲ. ಅಂಥ ಜಾಗವನ್ನು ಸಂಜೆ ಎರಡು ಗಂಟೆಯಲ್ಲಿ ಮುಗಿಸಬೇಡಿ. ಮುಂದಿನ ಸಲ ಹೋದಾಗ ಗಡಿಯಾರ ನೋಡಿಕೊಳ್ಳಿ. ಬೇಸಿಗೆಯಲ್ಲಿ ಅರಿಝೋನಾ ಗಡಿಯಾರ ಮುಂದೆ ತಿರುಗಿಸುವುದಿಲ್ಲ, ನವಾಹೋ ಜನರದ್ದೇ ಆಡಳಿತ ಇರುವ ನವಾಹೋ ನೇಷನ್ ತಿರುಗಿಸುತ್ತದೆ. ಗೈಡ್ ಕೊಟ್ಟ ಸಮಯ ತಪ್ಪಿಸಿಕೊಂಡವರು ಬೇಕಾದಷ್ಟಿದ್ದಾರೆ.

ಉಳಿದ ದಿನ ಹೀಗೆ ಬಳಸಿ: ಹಾರ್ಸ್‌ಶೂಗೆ ಬೆಳಕು ಹರಿಯುವ ಮುಂಚೆ ಬಿಡಿ. ಗ್ರೇಟ್ ಗ್ಯಾಲರಿ ಎದುರು ಕನಿಷ್ಠ ಒಂದು ಗಂಟೆ ಸುಮ್ಮನೆ ಕೂರಿ. ಮೊದಲ ಹತ್ತು ನಿಮಿಷ ದೊಡ್ಡ ಆಕೃತಿಗಳು ಮಾತ್ರ ಕಾಣುತ್ತವೆ, ಅವುಗಳ ನಡುವೆ ಇರುವ ಪುಟ್ಟ ಪ್ರಾಣಿಗಳು ಆಮೇಲೆ ಒಂದೊಂದಾಗಿ ಸಿಗುತ್ತವೆ. ದುರ್ಬೀನು ಮರೆಯಬೇಡಿ. ದಾರಿ ಬಿಟ್ಟು ನಡೆಯಬೇಡಿ, ಅಲ್ಲಿನ ಮಣ್ಣಿನ ಮೇಲೆ ಕಪ್ಪಗೆ ಗುಬುಟು ಗುಬುಟಾಗಿ ಕಾಣುವುದು ಜೀವ ಇರುವ ಪದರ, ಒಂದು ಹೆಜ್ಜೆಗೆ ಮುರಿದರೆ ಮತ್ತೆ ಬೆಳೆಯಲು ವರ್ಷಗಳೇ ಬೇಕು.

ಮಲ್ಲೇಶ್ವರಂ_ಅಮ್ಮ

ಲಾಲ್‌ಬಾಗ್ ವಾಕಿಂಗ್ ನಂಬಿಕೊಂಡು ಹೋಗಬೇಡಿ. ಈಗಿನಿಂದ ಭಾನುವಾರ ಭಾನುವಾರ ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟದ ಮೆಟ್ಟಿಲು ಹತ್ತಿ. ಶೂ ಹೊಸದು ಕೊಂಡರೆ ಇಲ್ಲೇ ಹಾಕಿ ಪಳಗಿಸಿ.

ಬಾದಾಮಿ_ಮಂದಿ

ಮೇಷ್ಟ್ರ, ಹೋಗಿ ಬಂದ ಮ್ಯಾಲ ಜನವರಿಯೊಳಗ ನಮ್ಮೂರಿಗೆ ಬರ್ರಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಗೆ ನಿಲ್ಲತೈತಿ. ಗುಹಾಲಯ ಎಲ್ಲಾರೂ ನೋಡ್ಯಾರ, ನಾನು ಶಿಡ್ಲಫಡಿಗೆ ಕರಕೊಂಡು ಹೋಗತೀನಿ. ಊರಿಂದ ಕುರುಚಲು ಕಾಡಿನ್ಯಾಗ ನಡಕೊಂಡು ಹೋಗಬೇಕು. ಕೆಂಪು ಕಲ್ಲಿನ ದೊಡ್ಡ ಕಮಾನಿನಂಥ ಗವಿ, ಗ್ವಾಡಿ ಮ್ಯಾಲ ಹಳೆ ಚಿತ್ರ. ನಿಮ್ಮ ಯೂಟಾ ಮರಳುಗಲ್ಲಿಗಿಂತ ನಮ್ಮ ಕಲ್ಲು ಭಾಳ ಹಳೇದು, ಭೂಗರ್ಭ ಸರ್ ಹೇಳಲಿ ಬೇಕಾದ್ರ.

ಭೂಗರ್ಭ

ಹೌದು, ಹೋಲಿಕೆಯೇ ಇಲ್ಲ. ಬಾದಾಮಿಯ ಕಲ್ಲು ಕೂಡುವಾಗ ನೆಲದ ಮೇಲೆ ಪ್ರಾಣಿಗಳೇ ಇರಲಿಲ್ಲ. ಹಾಗೇ ಬಿಡುವಾದಾಗ ಬಳ್ಳಾರಿಗೂ ಹೋಗಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡಿ, ಕುಪ್ಪಗಲ್ಲು ಗುಡ್ಡದ ಕಥೆ ಆಮೇಲೆ ಚೆನ್ನಾಗಿ ಅರ್ಥವಾಗುತ್ತದೆ.

ಹೆಬ್ಬಾಳದ_ಹಕ್ಕಿ

ನಾನೂ ಬರಬಹುದಾ? ಲೊಕೇಶನ್ ಹಾಕುವುದಿಲ್ಲ ಅಂತ ಮಾತು ಕೊಡುತ್ತೇನೆ.

ಬಾದಾಮಿ_ಮಂದಿ

ಬರ್ರಿ ಮೇಡಂ. ಆದ್ರ ಲೊಕೇಶನ್ ಹಾಕ್ರಿ, ನಾನs ಹೇಳಾಕತ್ತೀನಿ. ಜಗಳ ಅಲ್ಲೇ ಬಂದು ಮುಗಸೂಣು, ರೊಟ್ಟಿ ಊಟ ನಮ್ಮನ್ಯಾಗ.

ಬಸವನಗುಡಿ_ಮೇಷ್ಟ್ರು

ಜನವರಿ ಎರಡನೇ ವಾರ ನನಗೆ ಆಗುತ್ತದೆ. ಸಂಕ್ರಾಂತಿಗೆ ಮುಂಚೆಯೋ ಆಮೇಲೋ ನೀವೇ ಹೇಳಿ, ರೈಲು ಟಿಕೆಟ್ ನಾನು ಮಾಡಿಸುತ್ತೇನೆ.